ಜೇಬಿಗೊಂದು ಮಡಚು ಚಾಕು: ಮಂಡ್ಯ ಸೀಮೆಯ ಲೆಕ್ಕಾಚಾರ

ಮದ್ದೂರಿನ ಎಪಿಎಂಸಿ ಎಳನೀರು ಮಾರುಕಟ್ಟೆಯಲ್ಲಿ ನಿಂತು ಮಡಚು ಚಾಕುವಿನ ಗುಣಗಾನ ಮಾಡಿದರೆ ಸುತ್ತಲಿನವರು ನಕ್ಕು ಕಳಿಸುತ್ತಾರೆ. ಮುಂಬೈ, ದೆಹಲಿಯವರೆಗೆ ಲಾರಿಗಟ್ಟಲೆ ಎಳನೀರು ಹೊರಡುವ ಜಾಗ ಅದು. ಅಲ್ಲಿ ನಡೆಯುವುದು ಮಚ್ಚಿನ ಮಾತು. ಕೊಚ್ಚುವವನ ಕೈ ನೋಡಿ. ಎಡಗೈಯಲ್ಲಿ ಕಾಯಿ ತಿರುಗುತ್ತಿರುತ್ತದೆ, ಬಲಗೈಯ ಮಚ್ಚು ಒಂದೇ ಅಳತೆಯಲ್ಲಿ ಬೀಳುತ್ತದೆ. ಮೂರು ಪೆಟ್ಟಿಗೆ ತಲೆ ಹಾರಿ, ಮಚ್ಚಿನ ಮೂಲೆ ಒತ್ತಿದರೆ ಸ್ಟ್ರಾ ಹೋಗುವಷ್ಟೇ ತೂತು. ಕುಡಿದಾದ ಮೇಲೆ ಬುರುಡೆ ಇಬ್ಭಾಗ, ಸಿಪ್ಪೆಯ ಚೂರೇ ಗಂಜಿ ಎತ್ತುವ ಚಮಚ. ಇಷ್ಟೆಲ್ಲ ಬಲ್ಲ ಆ ಮನುಷ್ಯನೇ ಚೀಲದ ಬಾಯಿಗೆ ಬಿಗಿದ ಪ್ಲಾಸ್ಟಿಕ್ ದಾರಕ್ಕೆ ಹಲ್ಲು ಹಾಕುತ್ತಾನೆ, ಇಲ್ಲವೇ ಬೀಡಿ ಕಟ್ಟಿನ ಜೊತೆ ಜೇಬಿನಲ್ಲಿಟ್ಟ ಮುರುಕು ಬ್ಲೇಡಿಗೆ ತಡಕಾಡುತ್ತಾನೆ.

ಮಂಡ್ಯ, ಮದ್ದೂರು, ಮಳವಳ್ಳಿ ದೊಡ್ಡ ಅಲಗಿನ ಸೀಮೆ. ಕಬ್ಬಿಗೆ ಕತ್ತಿ, ಎಳನೀರಿಗೆ ಮಚ್ಚು, ಭತ್ತಕ್ಕೂ ಹುಲ್ಲಿಗೂ ಕುಡ್ಲು, ಅಡುಗೆಮನೆಗೆ ಈಳಿಗೆಮಣೆ. ಇವೆಲ್ಲ ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿಯುವ ಸಣ್ಣಪುಟ್ಟ ಕೆಲಸವಷ್ಟೇ ಜೇಬಿನ ಚಾಕುವಿನ ಪಾಲು. ಇದನ್ನು ಮರೆತು ಕೊಂಡ ಚಾಕು ಒಂದೋ ಮನೆಯ ಡ್ರಾಯರ್ ಸೇರುತ್ತದೆ, ಇಲ್ಲವೇ ಪೊಲೀಸ್ ಠಾಣೆ ಸೇರುತ್ತದೆ. ಇದನ್ನು ನೆನಪಿಟ್ಟರೆ ಆಯ್ಕೆ ಸುಲಭ, ಖರ್ಚೂ ಕಡಿಮೆ.

ಕಡಿಮೆ ಎಂದರೆ ಎಷ್ಟು? 2025-26ನೇ ಸಾಲಿಗೆ ಕರ್ನಾಟಕದಲ್ಲಿ ನರೇಗಾ ದಿನಗೂಲಿ 370 ರೂಪಾಯಿ ಇತ್ತು. ದಿನಬಳಕೆಯ ಸಲಕರಣೆಯೊಂದು ಒಂದು ದಿನದ ಕೂಲಿಯೊಳಗೆ ಸಿಗಬೇಕು, ಕಳೆದುಹೋದರೆ ಹೊಟ್ಟೆ ಉರಿಯಬಾರದು. ಈ ಲೇಖನದ ಅಳತೆಗೋಲು ಅದೇ. ಅದನ್ನು ಮೀರಿದ ಬೆಲೆಯವನ್ನೂ ನೋಡೋಣ, ಆದರೆ ಮೀರಿದ್ದಕ್ಕೆ ಅವು ಏನು ಕೊಡುತ್ತವೆ ಎಂದು ಕೇಳಿಯೇ.

ಸಂಚಿ, ಉಡಿದಾರ, ಕುಲುಮೆ

ಸದಾ ಜೊತೆಗಿರುವ ಸಲಕರಣೆ ನಮಗೆ ಹೊಸದಲ್ಲ. ಹಿಂದಿನ ತಲೆಮಾರಿನ ಹಿರಿಯರ ಎಲೆಅಡಿಕೆ ಸಂಚಿಯಲ್ಲಿ ಅಡಕತ್ತರಿ, ಸುಣ್ಣದ ಡಬ್ಬಿಯ ಜೊತೆಗೆ ಒಂದು ಪುಟ್ಟ ಚೂರಿಯೂ ಇರುತ್ತಿತ್ತು. ಉಡಿದಾರಕ್ಕೆ ಮುಳ್ಳು ಕೀಳುವ ಚಿಮಟ, ಕಿವಿಯ ಗುಗ್ಗೆ ಕಡ್ಡಿ ಜೋತುಬಿದ್ದಿರುತ್ತಿದ್ದವು. ಸ್ವಿಟ್ಜರ್ಲೆಂಡಿನ ಈಬಾಖ್ ಊರಿನಲ್ಲಿ ಕಾರ್ಲ್ ಎಲ್ಸೆನರ್ 1884ರಲ್ಲಿ ಕಮ್ಮಟ ತೆರೆದು, 1891ರಲ್ಲಿ ತನ್ನ ದೇಶದ ಸೈನಿಕರಿಗೆ ಮಡಚು ಚಾಕು ಒದಗಿಸಿ, 1897ರಲ್ಲಿ ಅಧಿಕಾರಿಗಳ ಚಾಕುವಿಗೆ ಹಕ್ಕು ಪಡೆದಾಗ ಮಾಡಿದ್ದೂ ಇದನ್ನೇ: ಬೇರೆ ಬೇರೆ ತೂಗಾಡುತ್ತಿದ್ದ ಸಣ್ಣ ಸಲಕರಣೆಗಳನ್ನು ಒಂದೇ ಹಿಡಿಯೊಳಗೆ ಮಡಚಿಟ್ಟ. ಮುಂದೆ ವಿಕ್ಟೋರಿನಾಕ್ಸ್ ಎಂದು ಹೆಸರಾದ ಆ ಕಂಪನಿಯ ಕೀಗೊಂಚಲಿನ ಚಾಕುವಿನಲ್ಲಿ ಈಗಲೂ ಒಂದು ಚಿಮಟವಿದೆ, ಒಂದು ಹಲ್ಲುಕಡ್ಡಿಯಿದೆ.

ಮಡಚುವ ಅಲಗನ್ನು ನಮ್ಮ ಹಳ್ಳಿಗಳು ಎಲ್ಲಕ್ಕಿಂತ ಮೊದಲು ಕಂಡದ್ದು ಬಹುಶಃ ಕ್ಷೌರದ ಕತ್ತಿಯಲ್ಲಿ. ಹಿಡಿಯೊಳಗೆ ಅಲಗು ಮಡಚಿಕೊಳ್ಳುವ ಆ ಕತ್ತಿಗೆ ಬೀಗವಿಲ್ಲ, ಸ್ಪ್ರಿಂಗ್ ಇಲ್ಲ. ಒಂದು ಮೊಳೆ ಮತ್ತು ಹಿಡಿದವನ ಬೆರಳು, ಅಷ್ಟೇ. ಚರ್ಮದ ಪಟ್ಟಿಗೆ ನಾಲ್ಕು ಸಲ ಎಳೆದು ಗಂಟಲ ಮೇಲೆ ಇಡುತ್ತಿದ್ದರು. ಹರಿತ ಬರುವುದು ಉಕ್ಕು ಮತ್ತು ಮಸೆಯಿಂದ, ಮಿಕ್ಕದ್ದು ಅನುಕೂಲ ಎನ್ನುವುದಕ್ಕೆ ಬೇರೆ ಪಾಠ ಬೇಡ.

ಕಬ್ಬಿಣದ ನಂಟೂ ಈ ಸೀಮೆಗೆ ಹಳೆಯದು. ಮಂಟೇಸ್ವಾಮಿ ಕಾವ್ಯದ ಸಿದ್ದಪ್ಪಾಜಿ ಪೂರ್ವಾಶ್ರಮದಲ್ಲಿ ಕೆಂಪಾಚಾರಿ, ಮದ್ದೂರು ಬಳಿಯ ನಿಡಘಟ್ಟದ ಆಚಾರಿ ಮನೆಯ ಮಗ. ಗುರು ಅವನನ್ನು ಕಬ್ಬಿಣದ ಭಿಕ್ಷೆಗೆ ಕಳಿಸುವುದು ಹಲಗೂರಿನ ಪಾಂಚಾಳರ ಬಳಿಗೆ. ಆ ಹಲಗೂರು ಮಳವಳ್ಳಿ ತಾಲ್ಲೂಕಿನದು. ಅವರು ಕೊಡಲೊಲ್ಲದೆ ಹಿಂಸಿಸಿದ ಕಥೆಯನ್ನು ನೀಲಗಾರರು ಇವತ್ತಿಗೂ ರಾತ್ರಿಯಿಡೀ ಹಾಡುತ್ತಾರೆ. ಕಬ್ಬಿಣಕ್ಕೆ ಅಷ್ಟು ಬೆಲೆಯಿದ್ದ ಕಾಲದಲ್ಲಿ ಊರಿನ ಕಮ್ಮಾರ ಆಯಗಾರರಲ್ಲಿ ಒಬ್ಬ. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ತೆಗೆದುಕೊಳ್ಳುತ್ತಿದ್ದ, ವರ್ಷವಿಡೀ ಕುಳ ತಟ್ಟಿಕೊಡುತ್ತಿದ್ದ, ಕುಡ್ಲಿಗೆ ಕಕ್ಕು ಹಾಕಿಕೊಡುತ್ತಿದ್ದ.

ಆದರೆ ಆ ಕುಲುಮೆಯಿಂದ ಮಡಚು ಚಾಕು ಬಂದದ್ದು ಅಪರೂಪ. ಮಚ್ಚಿಗೆ ಒಂದು ಪಟ್ಟಿ, ಒಂದು ಹಿಡಿ ಸಾಕು. ಮಡಚು ಚಾಕುವಿಗೆ ಎರಡು ಪಕ್ಕದ ತಗಡು, ಬೆನ್ನಿನ ಸ್ಪ್ರಿಂಗ್, ಕೂದಲೆಳೆಯಷ್ಟೂ ತಪ್ಪದ ಕೀಲಿನ ಮೊಳೆ ಬೇಕು. ಅದು ಸುತ್ತಿಗೆಗಿಂತ ಅರದ ಕೆಲಸ. ಹಾಗಾಗಿ ಅದು ಯಾವಾಗಲೂ ಹೊರಗಿನಿಂದ ಬಂದ ಮಾಲು: ಜಾತ್ರೆಯ ಅಂಗಡಿಯಿಂದ, ಪೇಟೆಬೀದಿಯ ಕಬ್ಬಿಣದ ಅಂಗಡಿಯಿಂದ, ಈಗ ಮೊಬೈಲಿನಲ್ಲಿ ಆರ್ಡರ್ ಮಾಡಿದ ಡಬ್ಬದಿಂದ. ಕೊಳ್ಳುವವನಿಗೆ ಮಾಡಿದವನ ಮುಖ ಗೊತ್ತಿಲ್ಲ. ಕುಡ್ಲು ಕೆಟ್ಟರೆ ಕಮ್ಮಾರನನ್ನು ಕೇಳಬಹುದು. ಈ ಚಾಕು ಕೆಟ್ಟರೆ ಕೇಳಲು ಯಾರೂ ಇಲ್ಲ. ಪರೀಕ್ಷೆ ಮಾಡಿ ಕೊಳ್ಳಬೇಕಾದ್ದು ಅದಕ್ಕೇ.

ಏನು ಕತ್ತರಿಸುತ್ತೀರಿ?

ಮೊದಲ ಪ್ರಶ್ನೆ ಬ್ರ್ಯಾಂಡ್ ಯಾವುದು ಎಂಬುದಲ್ಲ. ನಾಲೆ ಬಯಲಿನ ರೈತನಿಗೆ ಗೊಬ್ಬರದ ಚೀಲದ ಹೊಲಿಗೆ, ಪಂಪ್‌ಸೆಟ್ಟಿನ ವೈರಿನ ರಬ್ಬರು, ಸೀಳಿದ ಪೈಪಿಗೆ ಸುತ್ತುವ ಟ್ಯೂಬಿನ ಪಟ್ಟಿ. ಮಳವಳ್ಳಿ ಕಡೆಯ ರೇಷ್ಮೆ ಬೆಳೆಗಾರನಿಗೆ ಹನಿ ನೀರಾವರಿಯ ಸಣ್ಣ ಪೈಪು, ಚಂದ್ರಿಕೆ ಕಟ್ಟುವ ಹುರಿ. ಮದ್ದೂರಿನ ತೆಂಗು, ಬಾಳೆಯವನಿಗೆ ನೈಲಾನ್ ಹಗ್ಗ, ಊಟದೆಲೆ. ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವ ನೌಕರನಿಗೆ ಕೊರಿಯರ್ ಡಬ್ಬದ ಟೇಪು, ಸೀಬೆಹಣ್ಣು, ಸೌತೆಕಾಯಿ. ಇವ್ಯಾವಕ್ಕೂ ಮೂರು ಇಂಚಿಗಿಂತ ಉದ್ದದ ಅಲಗು ಬೇಡ. ಹಲವಕ್ಕೆ ಎರಡು ಇಂಚೇ ಹೆಚ್ಚು.

ಬೇಡದ ಕೆಲಸದ ಪಟ್ಟಿಯೂ ಅಷ್ಟೇ ಮುಖ್ಯ. ಕಬ್ಬಿನ ಜಲ್ಲೆ ಕಡಿಯುವುದು, ಹಿಪ್ಪುನೇರಳೆ ಕಡ್ಡಿ ಸವರುವುದು, ಎಳನೀರು ತೂತು ಮಾಡುವುದು ಮಡಚು ಚಾಕುವಿಗೆ ಸಲ್ಲದ ಕೆಲಸ. ಚಾಕಿ ಹುಳುವಿಗೆ ಸೊಪ್ಪು ಸಣ್ಣಗೆ ಹೆಚ್ಚಲು ಉದ್ದನೆಯ, ಅಗಲದ ಅಲಗೇ ಬೇಕು. ಕಬ್ಬಿನ ತುಂಡಿನ ಸಿಪ್ಪೆ ಸುಲಿಯಲು ಒಳ್ಳೆಯ ಚಾಕು ತಡೆಯುತ್ತದೆ, ಗಿಣ್ಣು ಸೀಳಲು ಹೋದರೆ ಕೀಲು ಸಡಿಲವಾಗುತ್ತದೆ. ಡಬ್ಬದ ಮುಚ್ಚಳ ಮೀಟಲು ಚಾಕುವಿನ ತುದಿ ಹಾಕಿ ಮುರಿದುಕೊಂಡವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಮಡಚು ಚಾಕು ಎಳೆದು ಕೊಯ್ಯಲು ಇರುವಂಥದ್ದು. ತಿವಿಯಲು, ಮೀಟಲು, ಬಡಿಯಲು ಅಲ್ಲ.

ಪೇಟೆಯಲ್ಲಿ ಸಿಗುವ ಬಗೆಗಳು

ಎಲ್ಲಕ್ಕಿಂತ ಅಗ್ಗದ್ದು ಪೇಪರ್ ಕಟರ್. ಮೊಂಡಾದ ತುದಿಯನ್ನು ಮುರಿದು ಮುಂದಿನ ತುಂಡಿಗೆ ಹೋಗುವ ಈ ಉಪಾಯ 1956ರಲ್ಲಿ ಜಪಾನಿನ ಓಲ್ಫಾದವರದು. ಇವತ್ತು ಸ್ಟೇಷನರಿ ಅಂಗಡಿಯಲ್ಲಿ ಐವತ್ತು ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಡಬ್ಬ, ಟೇಪು, ದಾರಕ್ಕೆ ಇದನ್ನು ಬೇರೇನೂ ಮೀರಿಸುವುದಿಲ್ಲ. ಮಸೆಯುವ ಗೋಜೂ ಇಲ್ಲ. ಆದರೆ ಅಲಗು ಅಡ್ಡಕ್ಕೆ ಬಾಗಿದರೆ ಚಟ್ ಎಂದು ಮುರಿಯುತ್ತದೆ. ಮುರಿದ ಚೂರು ಹೊಲದಲ್ಲಿ ಬಿದ್ದರೆ ಬರಿಗಾಲಿಗೆ, ಹುಲ್ಲಿನ ಜೊತೆ ಹೋದರೆ ದನದ ಹೊಟ್ಟೆಗೆ. ತುಕ್ಕು ಹಿಡಿಯದಂತೆ ಅಲಗಿಗೆ ಎಣ್ಣೆ ಸವರಿರುವುದರಿಂದ ಹಣ್ಣಿಗೆ ಸಲ್ಲದು. ಅಂಗಡಿ, ಗೋದಾಮಿನವರಿಗೆ ಇದೇ ಉತ್ತರ, ಹೊಲದವರಿಗೆ ಅಲ್ಲ.

ಎರಡನೆಯದು ಜಾತ್ರೆಯ ಚಾಕು. ಮೀನಿನ ಆಕಾರದ್ದು, ಪ್ಲಾಸ್ಟಿಕ್ ಹಿಡಿಯದು, ಕೀಚೈನಿನದು. ನೂರರೊಳಗೆ ಸಿಗುತ್ತದೆ. ಅಲಗು ತೆಳು ಸ್ಟೀಲ್ ತಗಡು, ಕೀಲಿನ ಮೊಳೆ ಅಲ್ಯೂಮಿನಿಯಂ. ಒಂದು ಚೌಕಾಸಿ, ಒಂದು ಮಾವಿನ ಹಂಗಾಮು, ಅಲ್ಲಿಗೆ ಅದರ ಆಯುಸ್ಸು ಮುಗಿಯಿತು. ಆದರೂ ಹತ್ತರಲ್ಲೊಂದು ಗಟ್ಟಿಯಾಗಿ ಬಂದಿರುತ್ತದೆ, ಆರಿಸಲು ಬರುವವನಿಗೆ ನಷ್ಟವಿಲ್ಲ.

ಮೂರನೆಯದರತ್ತ ಹೆಚ್ಚು ಜನ ಕಣ್ಣು ಹಾಯಿಸುವುದಿಲ್ಲ: ಕಸಿ ಚಾಕು. ಗೊಬ್ಬರ, ಬೀಜದ ಅಂಗಡಿಗಳಲ್ಲಿ, ತೋಟದ ಸಲಕರಣೆ ಮಾರುವ ಕಡೆ ಸಿಗುತ್ತದೆ. ಲೂಧಿಯಾನದ ಫಾಲ್ಕನ್‌ನಂಥ ಕಂಪನಿಗಳು ಮಾಡುತ್ತವೆ. ಕಸಿ ಕಟ್ಟುವವನಿಗೆ ಒಂದೇ ಎಳೆತಕ್ಕೆ ನುಣುಪಾದ ಗಾಯ ಬೇಕು, ಜಜ್ಜಿದರೆ ಕಣ್ಣು ಕೂಡುವುದಿಲ್ಲ. ಹಾಗಾಗಿ ಇದರ ಉಕ್ಕು ಅದೇ ಬೆಲೆಯ ಅಲಂಕಾರದ ಚಾಕುಗಳಿಗಿಂತ ಸಾಮಾನ್ಯವಾಗಿ ಮೇಲು. ಅಲಗು ನೇರ, ಚಿಕ್ಕದು. ಕೆಲವದರಲ್ಲಿ ಒಂದೇ ಬದಿಗೆ ಮಸೆ ಇರುತ್ತದೆ. ಹಣ್ಣು ಹೋಳು ಮಾಡುವಾಗ ಪಕ್ಕಕ್ಕೆ ಎಳೆಯುತ್ತದೆ, ನಾಲ್ಕು ದಿನದಲ್ಲಿ ಕೈ ಒಗ್ಗುತ್ತದೆ. ದಿನದ ಕೂಲಿಯೊಳಗೆ ಸಿಗುವುದರಲ್ಲಿ ನನ್ನ ಮೊದಲ ಓಟು ಇದಕ್ಕೆ. ಇನ್ನೊಂದು ಲಾಭವೂ ಇದೆ: ನೋಡಿದವರಿಗೆ ಇದು ತೋಟದ ಸಾಮಾನು ಎಂದೇ ಕಾಣುತ್ತದೆ.

ನಾಲ್ಕನೆಯದು ಇಕ್ಕಳ, ಸ್ಕ್ರೂಡ್ರೈವರ್, ಓಪನರ್, ಗರಗಸ ಎಲ್ಲವನ್ನೂ ತುಂಬಿದ ಅಗ್ಗದ ಮಲ್ಟಿಟೂಲ್. ಮುನ್ನೂರು ನಾನೂರಕ್ಕೆ ಹನ್ನೊಂದು ಸಲಕರಣೆ ಎಂದು ಡಬ್ಬದ ಮೇಲೆ ಬರೆದಿರುತ್ತದೆ. ಇಕ್ಕಳ ಹಿಚುಕಿದರೆ ಬಾಯಿ ವಾರೆಯಾಗುತ್ತದೆ, ಚಾಕು ತೆಗೆಯಲು ಉಗುರು ಕಿತ್ತುಬರುತ್ತದೆ, ಜೇಬು ಜೋತುಬೀಳುತ್ತದೆ. ಬೈಕಿನ ಡಬ್ಬಿಯಲ್ಲಿದ್ದರೆ ಇರಲಿ.

ಇನ್ನು ದುಬಾರಿ ಸಾಲು. ವಿಕ್ಟೋರಿನಾಕ್ಸ್‌ನ ಕ್ಲಾಸಿಕ್ ಮಡಚಿದಾಗ 58 ಮಿಲಿಮೀಟರ್ ಉದ್ದ, 21 ಗ್ರಾಂ ತೂಕ. ಒಂದು ಪುಟ್ಟ ಅಲಗು, ಒಂದು ಕತ್ತರಿ, ಉಗುರಿನ ಅರ. ಆ ಕತ್ತರಿಗಾಗಿಯೇ ಕೊಳ್ಳುವವರಿದ್ದಾರೆ, ತಪ್ಪಿಲ್ಲ. ಫ್ರಾನ್ಸಿನ ಸವಾಯ್ ಬೆಟ್ಟಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಮರದ ಹಿಡಿಯ ಚಾಕು ಇನ್ನೂ ಸರಳ: ಒಂದು ಅಲಗು, ಒಂದು ಮೊಳೆ, 1955ರಲ್ಲಿ ಸೇರಿಸಿದ ಒಂದು ತಿರುಗು ಬಳೆ. ಅದು ರೈತರ, ಕೂಲಿಕಾರರ ಚಾಕುವಾಗಿಯೇ ಹುಟ್ಟಿದ್ದು. ಇಲ್ಲಿಗೆ ಬರುವಷ್ಟರಲ್ಲಿ ಸಾವಿರ ದಾಟುತ್ತದೆ. ಇದರ 8ನೇ ಸಂಖ್ಯೆಯ ಅಲಗು 8.5 ಸೆಂಟಿಮೀಟರ್, ಅದಕ್ಕಿಂತ ಚಿಕ್ಕವೇ ನಮ್ಮ ಕೆಲಸಕ್ಕೆ ಒಪ್ಪುತ್ತವೆ. ಒಂದು ಎಚ್ಚರ: ಮರದ ಹಿಡಿ ನೀರು ಕುಡಿದರೆ ಊದಿಕೊಂಡು ಅಲಗನ್ನು ಹಿಡಿದಿಟ್ಟುಬಿಡುತ್ತದೆ. ನಾಟಿ ಗದ್ದೆಗೆ ಇಳಿಯುವವರಿಗೆ ಇದು ಆಗಿಬರುವುದಿಲ್ಲ.

ಬಿಡಬೇಕಾದವು ಎರಡು. ಕಪ್ಪು ಬಣ್ಣ, ಬುರುಡೆ ಚಿತ್ರ, ಹಲ್ಲುಹಲ್ಲಿನ ಅಲಗು, ಬೆರಳು ತಾಗಿಸಿದರೆ ಚಿಮ್ಮಿ ತೆರೆಯುವ ಸ್ಪ್ರಿಂಗ್ ಇರುವ ಆನ್‌ಲೈನ್ ಮಾಲು ಒಂದು. ಬಟನ್ ಚಾಕು ಇನ್ನೊಂದು. ಉತ್ತರ ಪ್ರದೇಶದ ರಾಂಪುರದ ಚಾಕು ಎಪ್ಪತ್ತರ ದಶಕದ ಹಿಂದಿ ಸಿನಿಮಾದ ಖಳರ ಕೈಯಲ್ಲಿ ಹೆಸರು ಮಾಡಿತು. ಉದ್ದ ಅಲಗಿಗೆ 1990ರ ದಶಕದಲ್ಲಿ ಅಲ್ಲಿನ ಸರ್ಕಾರ ಕಡಿವಾಣ ಹಾಕಿದ ಮೇಲೆ ಕಸುಬು ಸೊರಗಿತು. 2023ರಲ್ಲಿ ರಾಂಪುರದ ವೃತ್ತವೊಂದರಲ್ಲಿ ಇಪ್ಪತ್ತು ಅಡಿಯ ಚಾಕು ನಿಲ್ಲಿಸಿದ್ದಾರೆ. ಕಸುಬುದಾರರ ಕೌಶಲಕ್ಕೆ ಮರ್ಯಾದೆ ಸಲ್ಲಲಿ. ನಮ್ಮ ಜೇಬಿಗೆ ಅದು ಬೇಡ. ಯಾಕೆಂಬುದಕ್ಕೆ ಮುಂದೆ ಬರುತ್ತೇನೆ.

ಉಕ್ಕಿನ ಮಾತು

ಚಾಕುವಿನ ಮೇಲೆ ಅಚ್ಚೊತ್ತಿದ ಅಕ್ಷರ, ಅಂಕಿಗಳಿಗೆ ಮರುಳಾಗುವವರು ಬಹಳ. ಅಗ್ಗದ ಮಾಲಿನ ಮೇಲಿನ ಆ ಅಚ್ಚನ್ನು ಪರೀಕ್ಷಿಸಲು ಗಿರಾಕಿಗೆ ದಾರಿಯೇ ಇಲ್ಲ. ತಿಳಿಯಬೇಕಾದ್ದು ಇಷ್ಟೇ: ಇಂಗಾಲ ಹೆಚ್ಚಿದ್ದರೆ ಉಕ್ಕು ಗಡುಸಾಗಬಲ್ಲದು, ಕ್ರೋಮಿಯಂ ಹತ್ತು ಹನ್ನೆರಡು ಪ್ರತಿಶತ ದಾಟಿದರೆ ತುಕ್ಕು ತಡೆಯಬಲ್ಲದು. ಗಡಸುತನ ಹೆಚ್ಚಿದಷ್ಟೂ ಹರಿತ ಉಳಿಯುತ್ತದೆ, ಜೊತೆಗೆ ಮಸೆಯಲು ಹಟ ಮಾಡುತ್ತದೆ, ತುದಿ ಚಕ್ಕೆ ಏಳುತ್ತದೆ. ಸ್ವಿಸ್ ಚಾಕುವಿನ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 56ರ ಸುಮಾರು. ಹೆಸರಾಂತ ಕಂಪನಿ ಅಲ್ಲಿಗೇ ನಿಲ್ಲಿಸಿರುವುದು ಇನ್ನೂ ಗಡುಸು ಮಾಡಲು ಬಾರದೆ ಅಲ್ಲ. ಯಾರು ಬೇಕಾದರೂ ಸಾದಾ ಕಲ್ಲಿನ ಮೇಲೆ ಮಸೆದುಕೊಳ್ಳಲಿ ಎಂದು.

ಡಿ2ದಂಥ ಗಡಸು ಉಕ್ಕು ಈಗ ಚೀನಾದ ಅಗ್ಗದ ಚಾಕುಗಳಲ್ಲೂ ಬರುತ್ತದೆ. ಹರಿತ ಬಹಳ ದಿನ ಉಳಿಯುತ್ತದೆ, ನಿಜ. ಆದರೆ ಒಮ್ಮೆ ಮೊಂಡಾದರೆ ಮನೆಯ ಕಲ್ಲಿಗೆ ಬಗ್ಗುವುದಿಲ್ಲ, ವಜ್ರದ ಪುಡಿಯ ತಗಡು ಬೇಕು. ಅದಕ್ಕೆ ಚಾಕುವಿನಷ್ಟೇ ದುಡ್ಡು. ಇನ್ನೊಂದು ತುದಿಯಲ್ಲಿ ಕಾರ್ಬನ್ ಸ್ಟೀಲ್, ನಮ್ಮ ಮಚ್ಚು, ಕುಡ್ಲಿನ ಬಂಧು. ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿಯಿಂದ ಕಮ್ಮಾರ ಮಚ್ಚು ಮಾಡುವುದು ಅದು ಹದಕ್ಕೆ ಚೆನ್ನಾಗಿ ಒಗ್ಗುತ್ತದೆ ಎಂದೇ. ಕಾರ್ಬನ್ ಅಲಗು ಬೇಗ ಮಸೆಯಾಗುತ್ತದೆ, ಅಷ್ಟೇ ಬೇಗ ತುಕ್ಕು ಹಿಡಿಯುತ್ತದೆ. ಬಾಳೆಯ ಸೊನೆ, ಮಾವಿನ ಸೊನೆ, ನಿಂಬೆರಸ ತಾಗಿದರೆ ಕಪ್ಪಗಾಗುತ್ತದೆ. ಆ ಕಪ್ಪು ಕೇಡಲ್ಲ, ಕೆಂಪು ತುಕ್ಕು ಕೇಡು. ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರುವ ಅಭ್ಯಾಸ ಇರುವವರಿಗೆ ಕಾರ್ಬನ್. ಇಲ್ಲದವರಿಗೆ ಸಾಧಾರಣ ಸ್ಟೇನ್‌ಲೆಸ್. ಬೆವರಿದ ಜೇಬಿಗೆ ಹೆಚ್ಚಿನವರು ಎರಡನೆಯದನ್ನೇ ಆರಿಸುವುದು ಕ್ಷೇಮ.

ಕೀಲು ಮತ್ತು ಬೀಗ

ಅಗ್ಗದ ಚಾಕು ಕೈಕೊಡುವುದು ಉಕ್ಕಿನಲ್ಲಲ್ಲ, ಕೀಲಿನಲ್ಲಿ. ಅಂಗಡಿಯಲ್ಲೇ ನೋಡುವ ಬಗೆ ಹೀಗೆ. ಚಾಕು ತೆರೆದು ಹಿಡಿಯನ್ನು ಒಂದು ಕೈಯಲ್ಲಿ, ಅಲಗಿನ ಬೆನ್ನನ್ನು ಇನ್ನೊಂದು ಕೈಯ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಎಡಬಲಕ್ಕೆ ಅಲ್ಲಾಡಿಸಿ. ಟಕ್ ಟಕ್ ಎಂದರೆ ಕೆಳಗಿಡಿ. ಮಡಚಿ ಬೆಳಕಿಗೆ ಹಿಡಿಯಿರಿ: ಅಲಗು ಎರಡು ಪಕ್ಕಗಳ ನಡುವೆ ಕೂತಿದೆಯೋ, ಒಂದಕ್ಕೆ ಉಜ್ಜುತ್ತಿದೆಯೋ? ಉಜ್ಜಿದರೆ ಪ್ರತಿ ಸಲ ಮಡಚಿದಾಗಲೂ ಬಾಯಿ ಮೊಂಡಾಗುತ್ತದೆ. ಮಡಚಿದ ಚಾಕುವಿನ ಮೇಲೆ ಬೆರಳಾಡಿಸಿ. ತುದಿ ಸ್ವಲ್ಪ ಹೊರಗಿದ್ದರೂ ಜೇಬು ಹರಿಯುತ್ತದೆ, ತೊಡೆ ಕೊರೆಯುತ್ತದೆ. ಕೊನೆಗೆ ತೆರೆದ ಅಲಗಿನ ಬೆನ್ನನ್ನು ಗಲ್ಲಾಪೆಟ್ಟಿಗೆಯ ಮರಕ್ಕೆ ಮೆಲ್ಲಗೆ ಒತ್ತಿ, ಬೆರಳು ದಾರಿಗೆ ಅಡ್ಡ ಇರದಂತೆ ನೋಡಿಕೊಂಡು. ಬೀಗವಿದೆ ಎಂದು ಮಾರಿದ ಚಾಕು ಆ ಒತ್ತಿಗೇ ಮಡಚಿಕೊಂಡರೆ ಅದಕ್ಕೆ ಬೀಗವೇ ಇಲ್ಲದಿದ್ದರೆ ವಾಸಿ. ಅಂಗಡಿಯವರು ಗೊಣಗಿಯಾರು, ಗೊಣಗಲಿ.

ಬೀಗದಲ್ಲಿ ಮುಖ್ಯವಾಗಿ ನಾಲ್ಕು ಬಗೆ. ಬೆನ್ನಿನ ಸ್ಪ್ರಿಂಗ್ ಬಿಗಿತದಲ್ಲಷ್ಟೇ ನಿಲ್ಲುವುದು ಹಳೆಯ ಪೆನ್‌ನೈಫ್, ಸ್ವಿಸ್ ಚಾಕುವಿನದು. ಬೆನ್ನಿನ ಮೇಲೆ ಒತ್ತಿದರೆ ಬಿಡುವ ಕೊಕ್ಕೆ ಎರಡನೆಯದು. ಒಳಪಕ್ಕದ ತಗಡೇ ಸರಿದು ಅಲಗಿಗೆ ಆನಿಕೊಳ್ಳುವುದು ಮೂರನೆಯದು. ಆನ್‌ಲೈನಿನ ಮಾಲಿನಲ್ಲಿ ಹೆಚ್ಚಿನದು ಇದು, ಮಡಚುವಾಗ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ. ತಿರುಗು ಬಳೆ ನಾಲ್ಕನೆಯದು, ಒಪಿನೆಲ್‌ನದು. ಗಟ್ಟಿ ಬೀಗವಿದ್ದರೆ ಅಪಾಯವಿಲ್ಲ ಎಂಬುದು ಅರ್ಧ ಸತ್ಯ. ಬೀಗ ನಂಬಿ ಚಾಕುವಿನಿಂದ ಮೀಟುವವನಿಗಿಂತ, ಬೀಗವಿಲ್ಲವೆಂದು ತಿಳಿದು ಎಳೆದೇ ಕೊಯ್ಯುವವನ ಬೆರಳು ಹೆಚ್ಚು ಕ್ಷೇಮ. ನೂರಿನ್ನೂರರ ಮಾಲಿನಲ್ಲಿ ಬೀಗಕ್ಕಾಗಿ ದುಡ್ಡು ಸುರಿಯುವುದು ದಂಡ; ಬಿಗಿ ಸ್ಪ್ರಿಂಗ್ ಇದ್ದರೆ ಸಾಕು. ಮೊಳೆ ಸಡಿಲವಾದರೆ ಚಪ್ಪಟೆ ಕಬ್ಬಿಣದ ಮೇಲಿಟ್ಟು ಎರಡು ಹಗುರ ಪೆಟ್ಟು ಕೊಡಿಸಿ. ಕುಲುಮೆಯವರಿಗೆ ಇದು ಮಾತಾಡುತ್ತ ಮುಗಿಸುವ ಕೆಲಸ.

ಕಾನೂನಿನ ಕಣ್ಣು, ಊರಿನ ಕಣ್ಣು

1959ರ ಶಸ್ತ್ರಾಸ್ತ್ರ ಕಾಯ್ದೆ ಕೇವಲ ಮನೆ ಅಥವಾ ಬೇಸಾಯದ ಬಳಕೆಗೆಂದು ಮಾಡಿದ ವಸ್ತುಗಳನ್ನು ಶಸ್ತ್ರದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅದರ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು. ಅಲ್ಲೂ ಗೃಹ, ಕೃಷಿ, ವೈಜ್ಞಾನಿಕ, ಕೈಗಾರಿಕಾ ಬಳಕೆಯವಕ್ಕೆ ವಿನಾಯಿತಿ. ಮೂರು ಇಂಚಿನ ಹಣ್ಣಿನ ಚಾಕು ಈ ಪಟ್ಟಿಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ಕಾಯ್ದೆಯ 4ನೇ ಕಲಂ ಪ್ರಕಾರ ಯಾವುದೇ ಪ್ರದೇಶಕ್ಕೆ ಪ್ರತ್ಯೇಕ ಅಧಿಸೂಚನೆ ಹೊರಡಿಸಬಹುದು. 1980ರಲ್ಲಿ ದೆಹಲಿಯಲ್ಲಿ ಹಾಗೆಯೇ ಆಯಿತು: ಸ್ಪ್ರಿಂಗ್, ಬಟನ್ ಅಥವಾ ಬೇರೆ ಯಂತ್ರತಂತ್ರದಿಂದ ತೆರೆಯುವ, 7.62 ಸೆಂಟಿಮೀಟರ್ ಅಥವಾ ಹೆಚ್ಚು ಉದ್ದ, 1.72 ಸೆಂಟಿಮೀಟರ್ ಅಥವಾ ಹೆಚ್ಚು ಅಗಲದ ಚಾಕುಗಳಿಗೆ ಪರವಾನಗಿ ಕಡ್ಡಾಯ. ಎಳನೀರು ಲಾರಿಯ ಜೊತೆ ದೆಹಲಿಗೆ ಹೋಗುವ ಚಾಲಕ, ಕ್ಲೀನರ್‌ಗಳು ಇದನ್ನು ತಿಳಿದಿರಬೇಕು. 7.62 ಸೆಂಟಿಮೀಟರ್ ಎಂದರೆ ಸರಿಯಾಗಿ ಮೂರು ಇಂಚು. ಉಗುರಿನಿಂದ ತೆರೆಯುವ, ಮೂರು ಇಂಚಿನೊಳಗಿನ ಅಲಗು ಎಂಬ ಲೆಕ್ಕ ಎಲ್ಲ ಕಡೆಗೂ ಕ್ಷೇಮದ ಲೆಕ್ಕ.

ನಿಷೇಧಾಜ್ಞೆಯ ದಿನಗಳೇ ಬೇರೆ. ಹಳೆಯ 144ನೇ ಸೆಕ್ಷನ್, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163. 2016ರ ಸೆಪ್ಟೆಂಬರಿನ ಕಾವೇರಿ ಗಲಾಟೆ ಕಂಡ ಮಂಡ್ಯದವರಿಗೆ ಇದನ್ನು ವಿವರಿಸಬೇಕಿಲ್ಲ. ಅಂಥ ಆದೇಶಗಳಲ್ಲಿ ಆಯುಧ ಒಯ್ಯುವುದರ ಮೇಲೆ ನಿರ್ಬಂಧ ಇರುತ್ತದೆ, ತಪಾಸಣೆಗೆ ನಿಂತವರು ಇಂಚುಪಟ್ಟಿ ಹಿಡಿದು ಕೂರುವುದಿಲ್ಲ. ಆ ದಿನ ಚಾಕು ಮನೆಯಲ್ಲಿರಲಿ. ಮೆರವಣಿಗೆ, ಚುನಾವಣಾ ಸಭೆ, ಕೋರ್ಟು, ಜೈಲು ಭೇಟಿಗೂ ಇದೇ ಮಾತು. ವಿಮಾನದಲ್ಲಿ ಕೈಚೀಲದೊಳಗೆ ಬಿಡುವುದಿಲ್ಲ. ಬಸ್ಸಿನಲ್ಲಿ ಹೋಗಿ ಕೆಂಗೇರಿಯಲ್ಲಿ ಇಳಿದು ಮೆಟ್ರೊ ಹತ್ತುವವರು ಬ್ಯಾಗನ್ನು ಸ್ಕ್ಯಾನರ್‌ಗೆ ಹಾಕಲೇಬೇಕು; ದಿನವೂ ಆ ದಾರಿಯವರು ಚಾಕುವನ್ನು ಆಫೀಸಿನ ಡ್ರಾಯರ್‌ಗೇ ಕೊಳ್ಳುವುದು ಒಳಿತು.

ಊರಿನ ಕಣ್ಣು ಕಾನೂನಿಗಿಂತ ಚುರುಕು. ಹೆಗಲ ಮೇಲೆ ಮಚ್ಚು ಇಟ್ಟುಕೊಂಡು ಬೀದಿಯಲ್ಲಿ ನಡೆದರೆ ಯಾರೂ ತಿರುಗಿ ನೋಡುವುದಿಲ್ಲ, ತೋಟಕ್ಕೆ ಹೊರಟಿದ್ದಾನೆ ಅನ್ನುತ್ತಾರೆ. ಟೀ ಅಂಗಡಿಯಲ್ಲಿ ಎರಡಿಂಚಿನ ಚಾಕು ತೆಗೆದು ಸೀಬೆಹಣ್ಣು ಕೊಯ್ದರೆ, "ಏನಣ್ಣ, ಜೇಬ್ನಲ್ಲಿ ಚಾಕು ಮಡಿಕಂಡು ತಿರುಗ್ತಿದ್ದೀಯ?" ಎಂಬ ಪ್ರಶ್ನೆ ತಪ್ಪಿದ್ದಲ್ಲ. 1995ರ ‘ಓಂ’, 2005ರ ‘ಜೋಗಿ’ಯಿಂದ ಈಚೆಗೆ ಲಾಂಗು, ಮಚ್ಚು ನಮ್ಮ ಸಿನಿಮಾದ ಖಾಯಂ ಪಾತ್ರಗಳಾದ ಮೇಲೂ ಹೊಲದ ಮಚ್ಚಿಗೆ ಕೆಟ್ಟ ಹೆಸರು ಬರಲಿಲ್ಲ, ಜೇಬಿನ ಚಾಕುವಿಗೆ ಬಂತು. ಮುಚ್ಚಿಟ್ಟ ಅಲಗಿನ ಮೇಲೆ ಅನುಮಾನ ಹೆಚ್ಚು. ಹಾಗಾಗಿ ಮರದ ಹಿಡಿ, ಇಲ್ಲವೇ ಕೆಂಪು, ಹಳದಿಯ ಹಿಡಿ ಕೊಳ್ಳಿ. ಹುಲ್ಲಿನಲ್ಲಿ ಬಿದ್ದರೆ ಕಣ್ಣಿಗೂ ಬೀಳುತ್ತದೆ.

ಆತ್ಮರಕ್ಷಣೆಗೆಂದು ಕೊಳ್ಳುವವರಿಗೆ, ಅದರಲ್ಲೂ ಮಗಳ ಬ್ಯಾಗಿಗೆ ಹಾಕಿಕೊಡುವ ಅಪ್ಪಂದಿರಿಗೆ ಒಂದು ಮಾತು: ಗಾಬರಿಯಲ್ಲಿ ಎರಡೂ ಕೈ ಬೇಕಾಗುವ ಚಾಕು ತೆರೆಯಲು ಆಗುವುದಿಲ್ಲ, ತೆರೆದರೂ ಎದುರಿನವನ ಕೈ ಸೇರುವುದು ಸುಲಭ. ಆ ಉದ್ದೇಶ ಬಾಯಲ್ಲಿ ಬಂದರೆ ಸಲಕರಣೆ ಆಯುಧವಾಗುತ್ತದೆ, ಕಾನೂನಿನ ನೋಟವೂ ಬದಲಾಗುತ್ತದೆ. 112ಕ್ಕೆ ಕರೆ ಮಾಡುವ ಫೋನು ಅದಕ್ಕಿಂತ ಉಪಯೋಗಿ.

ಮನೆಯ ಹಿರಿಯರ ಒಂದು ಪದ್ಧತಿ ಮಾತ್ರ ಉಳಿಸಿಕೊಳ್ಳುವಂಥದ್ದು. ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ಜಗಳ ಬರುತ್ತದೆ. ಕೆಳಗಿಡು, ಅವರು ತೆಗೆದುಕೊಳ್ಳಲಿ ಎನ್ನುತ್ತಾರೆ. ಜಗಳದ ಮಾತು ಹೇಗಾದರೂ ಇರಲಿ, ಬೆರಳು ಉಳಿಯುತ್ತದೆ.

ಮಸೆ

ಅಗ್ಗದ ಚಾಕು ಮತ್ತು ಒಳ್ಳೆಯ ಚಾಕುವಿನ ನಡುವಿನ ಅಂತರವನ್ನು ಅರ್ಧಕ್ಕರ್ಧ ತುಂಬುವುದು ಕಲ್ಲು. ಹೊಸ ಅಗ್ಗದ ಚಾಕು ಅಂಗಡಿಯಿಂದ ಬರುವಾಗ ಸರಿಯಾಗಿ ಮಸೆ ಕಂಡಿರುವುದೇ ಇಲ್ಲ. ಒರಟು, ನಯ ಎರಡೂ ಮುಖವಿರುವ ಕಾರ್ಬೊರಂಡಂ ಕಲ್ಲು ಹಾರ್ಡ್‌ವೇರ್ ಅಂಗಡಿಗಳಲ್ಲಿ ನೂರೈವತ್ತು ಇನ್ನೂರಕ್ಕೆ ಸಿಗುತ್ತದೆ. ನೀರು ಚಿಮುಕಿಸಿ, ಅಲಗನ್ನು ಕಲ್ಲಿಗೆ ಹದಿನೈದು ಇಪ್ಪತ್ತು ಡಿಗ್ರಿ ಓರೆಯಾಗಿ ಹಿಡಿದು, ಬಾಯಿ ಮುಂದಾಗಿ ತಳ್ಳಿ; ಎರಡೂ ಬದಿಗೆ ಸಮನಾಗಿ. ಒಂದು ಬದಿ ಮಸೆದಾಗ ಇನ್ನೊಂದು ಬದಿಯಲ್ಲಿ ಬೆರಳಿಗೆ ತಾಗುವ ಸಣ್ಣ ಸುರುಳಿ ಎದ್ದರೆ ಮಸೆ ಬಾಯಿಗೆ ಮುಟ್ಟಿದೆ ಎಂದರ್ಥ. ನಯದ ಮುಖಕ್ಕೆ ತಿರುಗಿಸಿ ಆ ಸುರುಳಿ ತೆಗೆಯಿರಿ, ಹಳೆಯ ಬೆಲ್ಟಿನ ಒಳಮೈಗೆ ಬೆನ್ನು ಮುಂದಾಗಿ ನಾಲ್ಕು ಸಲ ಎಳೆಯಿರಿ. ನ್ಯೂಸ್‌ಪೇಪರಿನ ಅಂಚು ಹರಿಯದೆ ಕೊಯ್ದರೆ ಮುಗಿಯಿತು.

ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಬೀದಿಗೆ ಬರುವ ಸಾಣೆಯವರ ಕೈಗೆ ಕತ್ತರಿ, ಕುಡ್ಲು ಕೊಡಿ. ತೆಳು ಅಲಗಿನ ಜೇಬುಚಾಕು ಕೊಡುವಾಗ ಯೋಚಿಸಿ. ಒಣ ಚಕ್ರದ ಬಿಸಿಗೆ ಬಾಯಿ ನೀಲಿಗಟ್ಟಿದರೆ ಅಲ್ಲಿನ ಹದ ಇಳಿಯಿತು, ಮತ್ತೆ ಎಷ್ಟು ಮಸೆದರೂ ನಿಲ್ಲುವುದಿಲ್ಲ. ಕೊಡಲೇಬೇಕಾದರೆ ನಡುನಡುವೆ ನೀರಿಗೆ ಅದ್ದಲು ಹೇಳಿ.

ಹಾಗಾದರೆ ಯಾವುದು?

ಡಬ್ಬ, ದಾರವಷ್ಟೇ ಕೆಲಸವಾದರೆ ಪೇಪರ್ ಕಟರ್. ಮಡಚು ಚಾಕುವಿನ ಮಾತೇ ಬೇಡ. ಹೊಲ, ತೋಟದವರಿಗೆ ಕಸಿ ಚಾಕು, ಅದು ಸಿಗದಿದ್ದರೆ ಮೇಲಿನ ಪರೀಕ್ಷೆಯಲ್ಲಿ ಗೆದ್ದ ಯಾವುದೇ ಸಾದಾ ಸ್ಟೇನ್‌ಲೆಸ್ ಚಾಕು. ಆಫೀಸು, ಪ್ರಯಾಣದವರು ಸಾವಿರ ದಾಟಲು ಸಿದ್ಧರಿದ್ದರೆ ಕತ್ತರಿಯಿರುವ ಪುಟ್ಟ ಸ್ವಿಸ್ ಚಾಕು. ಅದರ ನಕಲು ಬೇಡ, ನಕಲಿನಲ್ಲಿ ಮೊದಲು ಹೋಗುವುದು ಆ ಕತ್ತರಿಯೇ. ಒಣ ಕೈಯವರಿಗೆ, ಹಣ್ಣು ಕೊಯ್ದು ಹಂಚುವ ಖುಷಿಯವರಿಗೆ ಸಣ್ಣ ಒಪಿನೆಲ್. ಬೈಕಿನಲ್ಲಿ ಯಾವಾಗಲೂ ಕುಡ್ಲು ಇಟ್ಟುಕೊಂಡು ಓಡಾಡುವವರಿಗೆ ಬಹುಶಃ ಏನೂ ಬೇಡ.

ಯಾವುದನ್ನೇ ಆರಿಸಿದರೂ ಅಲಗು ಮೂರು ಇಂಚಿನೊಳಗಿರಲಿ, ತೆರೆಯುವುದು ಉಗುರಿನಿಂದಾಗಲಿ, ಕೀಲು ಅಲ್ಲಾಡದಿರಲಿ. ಒಂದು ದಿನದ ಕೂಲಿಯಷ್ಟು ದುಡ್ಡು ತೆಗೆದಿಟ್ಟಿದ್ದರೆ ಅದನ್ನೆಲ್ಲ ಚಾಕುವಿಗೇ ಹಾಕಬೇಡಿ. ಇನ್ನೂರು ಚಾಕುವಿಗೆ, ನೂರೈವತ್ತು ಕಲ್ಲಿಗೆ. ಮುನ್ನೂರೈವತ್ತರ ಮೊಂಡು ಚಾಕುವಿಗಿಂತ ಇನ್ನೂರರ ಹರಿತ ಚಾಕು ಚೆನ್ನಾಗಿ ಕೊಯ್ಯುತ್ತದೆ. ಚಾಕು ಕಳೆದುಹೋದರೂ ಕಲ್ಲು ಮನೆಯಲ್ಲೇ ಇರುತ್ತದೆ, ಅಡುಗೆಮನೆಯ ಚಾಕುವಿಗೂ ಆಗುತ್ತದೆ.